ರಿಮಿಷನ್ ಅನ್ನೋದಕ್ಕೆ ಕನ್ನಡದಲ್ಲಿ ಏನಂತೀರಿ?

ಗೆಳೆಯರೇ,

ನನ್ನ ತಂಗಿಗೆ ಅಲ್ಸರೇಟಿವ್ ಕೊಲೈಟಿಸ್ ಇದೆ, ಅಂದರೆ ದೊಡ್ಡ ಕರುಳಿನ ಒಳಪದರದಲ್ಲಿ ಉರಿಯೂತ, ಹುಣ್ಣು ಆಗುವ ದೀರ್ಘಕಾಲದ ಕಾಯಿಲೆ. ಮನೆಯ ಹಿರಿಯರು ಓದಿ ತಿಳಿದುಕೊಳ್ಳಲಿ ಅಂತ ಕನ್ನಡದಲ್ಲಿ ಒಂದು ಪುಟ್ಟ ಟಿಪ್ಪಣಿ ಬರೆಯುತ್ತಿದ್ದೇನೆ. ಕೆಲವು ಪದಗಳಿಗೆ ನಿಮ್ಮ ಸಹಾಯ ಬೇಕು.

ಮುಖ್ಯವಾಗಿ ರಿಮಿಷನ್. ರಕ್ತ ನಿಂತು, ಭೇದಿ ನಿಂತು, ದೊಡ್ಡ ಕರುಳಿನ ಒಳಪದರದ ಉರಿಯೂತ ಇಳಿದಿರುವ ಸ್ಥಿತಿ ಅದು. ಕಾಯಿಲೆ ಹೋಗಿರುವುದಿಲ್ಲ. ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಸುಮ್ಮನಿದ್ದು ಮತ್ತೆ ಏಳಬಹುದು. ಇದನ್ನು ‘ಗುಣವಾಗಿದೆ’ ಅಂತ ಬರೆದರೆ, ‘ಹಾಗಾದ್ರೆ ಇನ್ನೂ ಮಾತ್ರೆ ಯಾಕೆ?’ ಅಂತ ಕೇಳೇ ಕೇಳುತ್ತಾರೆ. ಕೇಳುವುದು ಸಹಜ. ಆದರೆ ಚೆನ್ನಾಗಿರುವಾಗಲೂ ಮೆಸಲಮೈನ್ ಥರದ ಔಷಧಿ ಮುಂದುವರಿಸುವುದೇ ಕಾಯಿಲೆ ಮತ್ತೆ ಏಳದಿರಲಿ ಅಂತ. ಒಂದು ತಪ್ಪು ಪದದಿಂದ ಯಾರಾದರೂ ಮಾತ್ರೆ ನಿಲ್ಲಿಸಿಬಿಟ್ಟರೆ ಅನ್ನೋದೇ ನನ್ನ ಭಯ.

‘ಉಪಶಮನ’ ಇದೆಯಲ್ಲ ಅನ್ನಬಹುದು. ಆದರೆ ಬರೀ ನೋವು ಕಡಿಮೆಯಾದರೂ ಅದೇ ಪದ ಬಳಸುತ್ತೇವೆ. ಇಲ್ಲಿ ನೋವು ಹೋದರೂ ಒಳಗೆ ಉರಿಯೂತ ಉಳಿದಿರಬಹುದು. ಮಲದ ಕ್ಯಾಲ್ಪ್ರೊಟೆಕ್ಟಿನ್ ಪರೀಕ್ಷೆ, ಕೊಲೊನೊಸ್ಕೋಪಿ ಎಲ್ಲ ಮಾಡಿಸುವುದು ಅದಕ್ಕೇ. ಸಕ್ಕರೆ ಕಾಯಿಲೆ ‘ಹತೋಟಿಯಲ್ಲಿದೆ’ ಅಂತೀವಲ್ಲ, ನನಗೆ ಅದೇ ಹೊಂದುತ್ತದೆ ಅನ್ನಿಸುತ್ತದೆ. ಹತೋಟಿ ಬಿಟ್ಟರೆ ಏನಾಗುತ್ತದೆ ಅನ್ನೋದನ್ನು ಬಿಡಿಸಿ ಹೇಳಬೇಕಿಲ್ಲ. ಫ್ಲೇರ್‌ಗೆ, ಅಂದರೆ ಸುಮ್ಮನಿದ್ದ ಕಾಯಿಲೆ ಮತ್ತೆ ಏಳುವುದಕ್ಕೆ, ‘ಉಲ್ಬಣ’ಕ್ಕಿಂತ ‘ಕಾಯಿಲೆ ಕೆರಳಿದೆ’ ಒಳ್ಳೆಯದು, ಅಲ್ವಾ?

ಕಾಯಿಲೆಯ ಹೆಸರೂ ಕಷ್ಟವೇ. ‘ಕರುಳಿನ ಹುಣ್ಣು’ ಅಂದರೆ ಜನ ಹೊಟ್ಟೆಹುಣ್ಣು ಅಂದುಕೊಂಡು ಆಸಿಡಿಟಿ ಮಾತ್ರೆ ಹೇಳುತ್ತಾರೆ. ‘ಆಮಶಂಕೆ’, ‘ರಕ್ತಭೇದಿ’ ಅಂದರೆ ಸೋಂಕು ಅಂದುಕೊಳ್ಳುತ್ತಾರೆ. ಇದು ಅಂಟುವ ರೋಗವಲ್ಲ. ದೇಹದ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ ಕರುಳನ್ನು ಕೆಣಕುತ್ತದೆ. ಸಾಮಾನ್ಯವಾಗಿ ಗುದನಾಳದಲ್ಲಿ ಶುರುವಾಗಿ, ನಡುವೆ ಬಿಡದೆ ಮೇಲಕ್ಕೆ ಹಬ್ಬುತ್ತದೆ. ‘ದೊಡ್ಡ ಕರುಳಿನ ಉರಿಯೂತ’ ಅಂದರೂ ಸಾಲದು, ಸೋಂಕಿನಿಂದಲೂ ಅಲ್ಲಿ ಉರಿಯೂತ ಬರುತ್ತದೆ. ಹಾಗಾಗಿ ಹೆಸರನ್ನು ಹಾಗೇ ಇಟ್ಟು, ಒಮ್ಮೆ ವಿವರಿಸಿದರೆ ಸಾಕು ಅಂತ ನನ್ನ ಅಭಿಪ್ರಾಯ.

ಕೊನೆಯದಕ್ಕೆ ನನ್ನ ಹತ್ತಿರ ಪದವೇ ಇಲ್ಲ. ಒಳಗೆ ಏನೂ ಉಳಿದಿರುವುದಿಲ್ಲ, ಆದರೂ ಮತ್ತೆ ಶೌಚಕ್ಕೆ ಹೋಗಬೇಕು ಅನ್ನಿಸುತ್ತದೆ. ಕೂತು ತಿಣುಕಿದರೆ ಏನೂ ಬರುವುದಿಲ್ಲ, ಇಲ್ಲವೇ ಬರೀ ಲೋಳೆ, ರಕ್ತ. ವೈದ್ಯರು ಟೆನೆಸ್ಮಸ್ ಅಂತಾರೆ. ಹೇಳಲು ಪದವಿಲ್ಲದೆ ರೋಗಿ ‘ಮಲಬದ್ಧತೆ’ ಅಂದುಬಿಟ್ಟರೆ ಕೇಳಿದವರಿಗೆ ಬೇರೆಯೇ ಅರ್ಥವಾಗುತ್ತದೆ. ‘ತಿಣುಕು’ ಅಂತಲೇ ಬರೆಯಬಹುದೇ? ಅದರಲ್ಲಿ ಶ್ರಮ ಇದೆ, ಆದರೆ ಆ ಸುಳ್ಳು ಒತ್ತಡ ಬರುವುದಿಲ್ಲ. ನಿಮ್ಮ ಕಡೆಯ ಮಾತಿನಲ್ಲಿ ಇದಕ್ಕೆ ಪದವಿದ್ದರೆ ದಯವಿಟ್ಟು ತಿಳಿಸಿ. ಎಷ್ಟೇ ಒರಟಾಗಿದ್ದರೂ ಸಂಕೋಚ ಬೇಡ.