ವೆಲ್ಡಿಂಗ್ ಮಷಿನ್‌ನ ಪ್ಲಗ್ ಸುಡುತ್ತಿದೆ: ದೊಡ್ಡ ಪ್ಲಗ್ ಹಾಕಿದರೆ ಸಾಕೇ?

ಪ್ರಶ್ನೆ:
ಮನೆಯ ಶೆಡ್ಡಿನಲ್ಲಿ ಸಣ್ಣಪುಟ್ಟ ಕೆಲಸಕ್ಕೆಂದು 200 ಆಂಪಿಯರ್‌ನ ಸಿಂಗಲ್ ಫೇಸ್ ಇನ್ವರ್ಟರ್ ವೆಲ್ಡಿಂಗ್ ಮಷಿನ್ ತಂದಿದ್ದೇನೆ. ಕೇಬಲ್ಲಿಗೆ ಪ್ಲಗ್ ಇರಲಿಲ್ಲವಾದ್ದರಿಂದ 16 ಆಂಪಿಯರ್‌ನ ಮೂರು ಪಿನ್ನಿನ ಪ್ಲಗ್ ಅನ್ನು ನಾನೇ ಹಾಕಿ, 2.5 ಮಿ.ಮೀ. ರಾಡಿನಲ್ಲಿ ಹತ್ತು ನಿಮಿಷ ಕೆಲಸ ಮಾಡಿದೆ. ಪ್ಲಗ್ ಕಿತ್ತಾಗ ಒಂದು ಪಿನ್ ಮುಟ್ಟಲಾಗದಷ್ಟು ಬಿಸಿಯಾಗಿತ್ತು. ಅದರ ಬುಡದ ಪ್ಲಾಸ್ಟಿಕ್ ಕಂದಿತ್ತು. 16 ಆಂಪಿಯರ್‌ನ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನಾಗಿ ಆಫ್ ಆಗುವ ಸ್ವಿಚ್) ಮಾತ್ರ ಒಮ್ಮೆಯೂ ಬೀಳಲಿಲ್ಲ. ದೊಡ್ಡ ಪ್ಲಗ್ ಹಾಕಿದರೆ ಸರಿಹೋಗುತ್ತದೆಯೇ?

ಮೊದಲ ಉತ್ತರ:
ಒಂದೇ ಪಿನ್ ಬಿಸಿಯಾಗಿದೆ ಎಂಬುದನ್ನು ಗಮನಿಸಿ. ಫೇಸ್‌ನಲ್ಲೂ ನ್ಯೂಟ್ರಲ್‌ನಲ್ಲೂ ಹರಿಯುವ ಕರೆಂಟ್ ಒಂದೇ ಆಗಿರುವುದರಿಂದ, ಒಂದು ಕಡೆ ಮಾತ್ರ ಕಾವು ಹೆಚ್ಚಿದೆಯೆಂದರೆ ಅಲ್ಲಿ ಸ್ಕ್ರೂ ಸಡಿಲವಾಗಿರಬೇಕು, ಇಲ್ಲವೇ ಸಾಕೆಟ್ಟಿನ ಒಳಗಿನ ಹಿತ್ತಾಳೆ ಪಿನ್ನನ್ನು ಬಿಗಿಯಾಗಿ ಹಿಡಿಯುತ್ತಿಲ್ಲ. ಆ ಜಾಗದಲ್ಲಿ ಬರೀ 0.05 ಓಮ್ ರೋಧವಿದ್ದರೂ 20 ಆಂಪಿಯರ್ ಹರಿದಾಗ 20 ವ್ಯಾಟ್ ಶಾಖ ಹುಟ್ಟುತ್ತದೆ. ಕಾದ ಸಾಲ್ಡರಿಂಗ್ ಐರನ್ ಅನ್ನು ಪ್ಲಗ್ಗಿನೊಳಗೆ ಇಟ್ಟ ಹಾಗೆ. ಎಂಸಿಬಿಗೆ ಈ ಕಾವು ತಿಳಿಯುವುದಿಲ್ಲ. ಪ್ಲಗ್ ಮತ್ತು ಸಾಕೆಟ್ ಎರಡನ್ನೂ ಬದಲಿಸಿ, ಏಕೆಂದರೆ ಒಮ್ಮೆ ಕಾದ ಹಿತ್ತಾಳೆ ತನ್ನ ಬಿಗಿತವನ್ನು ಕಳೆದುಕೊಂಡು ಹೊಸ ಪ್ಲಗ್ಗನ್ನೂ ಸುಡುತ್ತದೆ.

ಎರಡನೆಯ ಉತ್ತರ:
ಮೇಲಿನವರ ಮಾತು ಸರಿ. ಅಳತೆಯ ಬಗ್ಗೆ ನಾನು ಬರೆಯುತ್ತೇನೆ. 100 ಆಂಪಿಯರ್ ವೆಲ್ಡಿಂಗ್ ಕರೆಂಟಿಗೆ ಆರ್ಕ್ ವೋಲ್ಟೇಜ್ ಸುಮಾರು 24, ಅಂದರೆ 2,400 ವ್ಯಾಟ್. ಮಷಿನ್‌ನ ನಷ್ಟವನ್ನೂ ಪವರ್ ಫ್ಯಾಕ್ಟರನ್ನೂ (ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) ಸೇರಿಸಿದರೆ 230 ವೋಲ್ಟಿನ ಲೈನಿನಿಂದ ಅದು ಸುಮಾರು 16ರಿಂದ 18 ಆಂಪಿಯರ್ ಎಳೆಯಬಹುದು. 2.5 ಮಿ.ಮೀ. ರಾಡಿಗೆ 70ರಿಂದ 90 ಆಂಪಿಯರ್ ವೆಲ್ಡಿಂಗ್ ಕರೆಂಟ್ ಸಾಕಾದ್ದರಿಂದ ನೀವು ಪ್ಲಗ್ಗಿನ ಮಿತಿಯ ಹತ್ತಿರದಲ್ಲಿದ್ದೀರಿ. ದಪ್ಪ ರಾಡ್ ಹಿಡಿದರೆ ದಾಟುತ್ತೀರಿ. 16 ಆಂಪಿಯರ್‌ನ ಎಂಸಿಬಿಯಾದರೋ 23 ಆಂಪಿಯರ್ ಹರಿದರೂ ಬೀಳಲು ಒಂದು ಗಂಟೆಯವರೆಗೆ ತೆಗೆದುಕೊಳ್ಳಬಹುದು.

ನಾಮಫಲಕದಲ್ಲಿ ಬರೆದಿರುವ ಗರಿಷ್ಠ ಇನ್‌ಪುಟ್ ಕರೆಂಟನ್ನು ಓದಿದ ಮೇಲೆಯೇ ಪ್ಲಗ್ ಆರಿಸಿ. ಅದು 32ರೊಳಗಿದ್ದರೆ ನೀಲಿ ಬಣ್ಣದ 32 ಆಂಪಿಯರ್ ಇಂಡಸ್ಟ್ರಿಯಲ್ ಪ್ಲಗ್ ಮತ್ತು ಸಾಕೆಟ್ ಹೊಂದುತ್ತದೆ. ಆದರೆ ಗೋಡೆಯೊಳಗಿನ ಹಳೆಯ 2.5 ಚದರ ಮಿ.ಮೀ. ತಂತಿಯನ್ನು ಹಾಗೆಯೇ ಬಿಟ್ಟು ಸಾಕೆಟ್ಟನ್ನೂ ಎಂಸಿಬಿಯನ್ನೂ ಮಾತ್ರ ದೊಡ್ಡದು ಮಾಡಬೇಡಿ. ಆಗ ಸುಡುವುದು ಕಣ್ಣಿಗೆ ಕಾಣದ ತಂತಿ. ಬೋರ್ಡಿನಿಂದ ಬೇರೆಯೇ ಲೈನ್ ಎಳೆಸಿ. ತಾಮ್ರದ ತಂತಿ 6 ಚದರ ಮಿ.ಮೀ. ಇರಲಿ, ಎಂಸಿಬಿ ಸಿ ಮಾದರಿಯದಾಗಿರಲಿ (ಚಾಲೂ ಮಾಡಿದ ಕ್ಷಣದ ಹೆಚ್ಚಿನ ಕರೆಂಟಿಗೆ ಅದು ಸುಲಭವಾಗಿ ಬೀಳುವುದಿಲ್ಲ). ಈ ಭಾಗವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಮಾಡಲಿ.

ಪ್ರಶ್ನೆ ಕೇಳಿದವರು:
ಪ್ಲಗ್ ಬಿಚ್ಚಿ ನೋಡಿದೆ. ನೀಲಿ ತಂತಿಯ ಎಳೆಗಳು ಚೆದುರದಿರಲೆಂದು ಸಾಲ್ಡರ್ ಹಚ್ಚಿದ್ದೆ. ಅದರ ಸ್ಕ್ರೂ ಈಗ ಬೆರಳಿನಲ್ಲೇ ತಿರುಗುತ್ತಿದೆ. ಇನ್ನೊಂದು ಸಂದೇಹವಿದೆ. ಕಬ್ಬಿಣಕ್ಕೆ ಅರ್ಥ್ ಕ್ಲ್ಯಾಂಪ್ ಹಾಕಿಯೇ ಇರುವಾಗ ಪ್ಲಗ್ಗಿನ ಅರ್ಥ್ ಪಿನ್ನಿಗೆ ಹೋಗುವ ಹಸಿರು-ಹಳದಿ ತಂತಿ ಬೇಕೇ?

ಮೊದಲ ಉತ್ತರ ಕೊಟ್ಟವರು:
ಖಂಡಿತ ಬೇಕು. ಅರ್ಥ್ ಕ್ಲ್ಯಾಂಪ್ ಎಂಬ ಹೆಸರೇ ಮೋಸ ಮಾಡುತ್ತದೆ. ಅದು ವೆಲ್ಡಿಂಗ್ ಕರೆಂಟ್ ಮರಳುವ ದಾರಿಯೇ ಹೊರತು ಮಷಿನ್‌ನ ಕವಚಕ್ಕೆ ರಕ್ಷಣೆಯಲ್ಲ. ಒಳಗೆ ಫೇಸ್ ತಂತಿ ಕವಚಕ್ಕೆ ತಗುಲಿದ ದಿನ ನಿಮ್ಮನ್ನು ಉಳಿಸುವುದು ಆ ಹಸಿರು-ಹಳದಿ ತಂತಿ. ಪ್ಲಗ್ಗಿನೊಳಗೆ ಅದನ್ನು ಉಳಿದೆರಡಕ್ಕಿಂತ ತುಸು ಉದ್ದ ಬಿಡಿ. ಕೇಬಲ್ ಜಗ್ಗಿದಾಗ ಅದು ಕೊನೆಯಲ್ಲಿ ಕಳಚಬೇಕು.

ಸಾಲ್ಡರ್ ಮೆತ್ತನೆಯ ಲೋಹವಾದ್ದರಿಂದ ಸ್ಕ್ರೂವಿನ ಒತ್ತಡಕ್ಕೆ ನಿಧಾನವಾಗಿ ಚಪ್ಪಟೆಯಾಗುತ್ತದೆ, ಹಿಡಿತ ಹೋಗುತ್ತದೆ. ಆ ತುದಿಯನ್ನು ಕತ್ತರಿಸಿ, ಹೊಸ ಎಳೆಗಳಿಗೆ ಫೆರುಲ್ (ತಂತಿಯ ತುದಿಗೆ ತೊಡಿಸುವ ಸಣ್ಣ ಲೋಹದ ಕೊಳವೆ) ಒತ್ತಿ ಸ್ಕ್ರೂ ಬಿಗಿ ಮಾಡಿ. ಕೇಬಲ್ಲಿನ ಹೊರಗಿನ ಕವಚವೂ ಪ್ಲಗ್ಗಿನಲ್ಲಿ ಕೇಬಲ್ ಹಿಡಿಯುವ ಪಟ್ಟಿಯೊಳಗೆ ಸಿಕ್ಕಿರಲಿ. ಮುಚ್ಚಿದ ಮೇಲೆ, ಸಾಕೆಟ್ಟಿಗೆ ಹಾಕುವ ಮುನ್ನ, ಮಲ್ಟಿಮೀಟರಿನ ಒಂದು ತುದಿಯನ್ನು ಅರ್ಥ್ ಪಿನ್ನಿಗೂ ಇನ್ನೊಂದನ್ನು ಮಷಿನ್ ಕವಚದ ಬಣ್ಣವಿಲ್ಲದ ಸ್ಕ್ರೂವಿಗೂ ಹಿಡಿಯಿರಿ. ಒಂದು ಓಮ್‌ಗಿಂತ ಕಡಿಮೆ ತೋರಿಸಬೇಕು. ಫೇಸ್ ಪಿನ್ನಿಗೂ ಕವಚಕ್ಕೂ ಹಿಡಿದಾಗ ಸಂಪರ್ಕ ಕಾಣಿಸಿದರೆ ಮಷಿನ್ ಅನ್ನು ಚಾಲೂ ಮಾಡಲೇಬೇಡಿ.