ಅಪ್‌ಡೇಟ್: ರಸ್ತೆಬದಿಯ ಹಿರಿಯರ ಸ್ಮಾರಕದ ಬರಹವನ್ನು ಕೊನೆಗೂ ಓದಿದೆವು

ಹೊಸ ನೆಲಕ್ಕೆ ಮೊದಲು ಬಂದು ನೆಲೆಸಿದ ನಮ್ಮ ಕುಟುಂಬದ ಹಿರಿಯರ ನೆನಪಿಗಾಗಿ ರಸ್ತೆಯ ಪಕ್ಕದಲ್ಲಿ ನಿಲ್ಲಿಸಿರುವ ಅಮೃತಶಿಲೆಯ ಬರಹವು ಕಲ್ಲುಹೂವಿನಿಂದ ಮುಚ್ಚಿಹೋಗಿದೆ, ಕಲ್ಲನ್ನು ಹಾಳುಮಾಡದೆ ಅದನ್ನು ಓದುವುದು ಹೇಗೆ ಎಂದು ಕೆಲವು ದಿನಗಳ ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು.

ಫಲ ಕೊಟ್ಟದ್ದು ಓರೆ ಬೆಳಕಿನ ಸಲಹೆ. ಕತ್ತಲಾದ ಮೇಲೆ ಟಾರ್ಚನ್ನು ಪಕ್ಕದಿಂದ, ಕಲ್ಲಿನ ಮೈಗೆ ಬಹುತೇಕ ಸಮಾನಾಂತರವಾಗಿ ಹಿಡಿದಾಗ, ಹಗಲಿನಲ್ಲಿ ಕಾಣದಿದ್ದ ಕೊರೆತಗಳಲ್ಲಿ ನೆರಳು ತುಂಬಿಕೊಂಡು ಅಕ್ಷರಗಳು ಒಂದೊಂದಾಗಿ ಎದ್ದು ಬಂದವು. ನಾಲ್ಕೂ ಕಡೆಯಿಂದ ಬೆಳಕು ಬೀರಿ ತೆಗೆದ ಫೋಟೋಗಳನ್ನು ಹೋಲಿಸಿದಾಗ, ನಾವು ಇಷ್ಟು ಕಾಲ 3 ಎಂದು ಓದುತ್ತಿದ್ದ ಅಂಕಿಯು 8 ಎಂಬುದು ಖಚಿತವಾಯಿತು.

ವಿನೆಗರ್ ಹಚ್ಚುವ ಸಲಹೆಯನ್ನು ಕೈಬಿಟ್ಟೆ, ಏಕೆಂದರೆ ಅಮೃತಶಿಲೆಯು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿದ್ದು ಆಮ್ಲವು ಅದನ್ನು ಕರಗಿಸುತ್ತದೆ. ಕಾಗದವಿಟ್ಟು ಉಜ್ಜಿ ಪಡಿಯಚ್ಚು ತೆಗೆಯುವುದನ್ನು ಒಂದು ಮೂಲೆಯಲ್ಲಿ ಪ್ರಯತ್ನಿಸಿದೆನಾದರೂ, ಸವೆದ ಮೇಲ್ಮೈಯಿಂದ ಹರಳುಗಳು ಉದುರತೊಡಗಿದ್ದರಿಂದ ತಕ್ಷಣ ನಿಲ್ಲಿಸಿದೆ. ಕಲ್ಲುಹೂವನ್ನು ನೀರಿನಿಂದ ಚೆನ್ನಾಗಿ ನೆನೆಸಿ, ಮೃದುವಾದ ಬ್ರಷ್ಷಿಗೆ ಸಡಿಲವಾಗಿ ಬಂದಷ್ಟನ್ನೇ ತೆಗೆದೆ. ಅದರ ಎಳೆಗಳು ಕಲ್ಲಿನೊಳಕ್ಕೂ ಇಳಿದಿರುವುದರಿಂದ, ಒಣಗಿರುವಾಗ ಕೆರೆದರೆ ಕಲ್ಲಿನ ಚಕ್ಕೆಯೂ ಕಿತ್ತು ಬರುತ್ತದೆ.

ನಾನು ನಿರೀಕ್ಷಿಸದಿದ್ದದ್ದು ಬುಡದಲ್ಲಿತ್ತು. ರಸ್ತೆಯನ್ನು ಎತ್ತರಿಸಿದಂತೆಲ್ಲ ಮಣ್ಣು ಕಲ್ಲಿನ ಕೆಳಭಾಗವನ್ನು ಮುಚ್ಚುತ್ತಾ ಬಂದಿತ್ತು. ಅದನ್ನು ಕೈಯಿಂದ ಮೆಲ್ಲಗೆ ಸರಿಸಿದಾಗ, ಮನೆಯಲ್ಲಿ ಯಾರೂ ಎಂದೂ ಹೇಳಿರದ ಒಂದು ಮಗುವಿನ ಹೆಸರು ಸಿಕ್ಕಿತು. ಮಳೆಗಾಳಿಗೆ ಸಿಗದ ಆ ಒಂದು ಸಾಲು ಉಳಿದೆಲ್ಲಕ್ಕಿಂತ ಸ್ಪಷ್ಟವಾಗಿತ್ತು. ನಾನು ಬಹಳ ಹೊತ್ತು ಅಲ್ಲಿಯೇ ಕುಳಿತಿದ್ದೆ.

ಬುಡದ ಬಿರುಕಿಗೆ ಸಿಮೆಂಟ್ ತುಂಬುವುದಿಲ್ಲ. ಸುಣ್ಣದ ಗಾರೆಯ ಕೆಲಸ ಬಲ್ಲವರನ್ನು ಹುಡುಕುತ್ತಿದ್ದೇವೆ.