ಡಾಕ್ಟರನ್ನು ಕೇಳಿ: ನಾಯಿ ಪರಚಿದ್ದನ್ನು ಮಗ ಒಂಬತ್ತು ದಿನ ಮುಚ್ಚಿಟ್ಟ

ಗುಂಪಿನ ಅಡ್ಮಿನ್: ಈ ಭಾನುವಾರ ನಿಮ್ಮ ಪ್ರಶ್ನೆಗಳಿಗೆ ಉತ್ತರ ಕೊಡುವವರು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡದಲ್ಲಿರುವ ಡಾಕ್ಟರ್. ಅಂಗನವಾಡಿಗೆ, ಶಾಲೆಗೆ ಗಾಡಿಯಲ್ಲಿ ಬಂದು ಮಕ್ಕಳ ತಪಾಸಣೆ ಮಾಡುತ್ತಾರಲ್ಲ, ಆ ತಂಡ. ವಿಷಯ: ಮಕ್ಕಳಿಗೆ ಆರೋಗ್ಯದ, ಸುರಕ್ಷತೆಯ ಅಭ್ಯಾಸ ಕಲಿಸುವುದು ಹೇಗೆ. ಮಕ್ಕಳ ಹೆಸರು, ಶಾಲೆಯ ಹೆಸರು ಯಾರೂ ಹಾಕಬೇಡಿ.

ಒಬ್ಬ ತಾಯಿ: ನಮಸ್ಕಾರ ಮೇಡಂ. ನನ್ನ ಮಗ ಆರನೇ ಕ್ಲಾಸು. ಇವತ್ತು ಬೆಳಗ್ಗೆ ಸ್ನಾನ ಮಾಡಿಸುವಾಗ ಮೀನಖಂಡದ ಮೇಲೆ ಎರಡು ಗೀರು ಕಂಡವು. ಮುಳ್ಳು ಅಂದ. ಗದರಿಸಿ ಕೇಳಿದಾಗ ಬೀದಿ ನಾಯಿ ಪರಚಿದ್ದು ಅಂತ ಅತ್ತ. ಒಂಬತ್ತು ದಿನ ಆಗಿದೆಯಂತೆ. ಟ್ಯೂಷನ್ ತಪ್ಪಿಸಿ ಆಡೋಕೆ ಹೋಗಿದ್ದನಂತೆ, ಅದಕ್ಕೇ ಹೇಳಿಲ್ಲ. ನಾಯಿ ಕಂಡರೆ ಹುಷಾರಾಗಿರು ಅಂತ ದಿನಾ ಹೇಳ್ತೀನಿ. ಇನ್ನು ಹೇಗೆ ಹೇಳಿಕೊಡಬೇಕು? ಗಾಯ ಒಣಗಿದೆ.

ಡಾಕ್ಟರ್: ಅಮ್ಮಾ, ಹೇಗೆ ಹೇಳಿಕೊಡಬೇಕು ಅನ್ನೋದು ಆಮೇಲೆ. ಮೊದಲು ಎದ್ದು ತಾಲ್ಲೂಕು ಆಸ್ಪತ್ರೆಯ ತುರ್ತು ಚಿಕಿತ್ಸೆ ವಿಭಾಗಕ್ಕೆ ಹೋಗಿ. ಭಾನುವಾರ ಅಂತ ನಾಳೆಗೆ ಇಡಬೇಡಿ. ಗಾಯ ಒಣಗಿದ್ದಕ್ಕೂ ರೇಬಿಸ್‌ಗೂ ಸಂಬಂಧ ಇಲ್ಲ. ಕಾಯಿಲೆ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಬೇಕು, ಹಾಗಾಗಿ ಒಂಬತ್ತು ದಿನ ಆಗಿದ್ದರೂ ಲಸಿಕೆ ಶುರು ಮಾಡಲೇಬೇಕು. ಲಕ್ಷಣ ಶುರುವಾದ ಮೇಲೆ ಮಾತ್ರ ಯಾರ ಕೈಯಲ್ಲೂ ಏನೂ ಆಗುವುದಿಲ್ಲ. ಪರಚಿದಾಗ ರಕ್ತ ಬಂದಿತ್ತಾ ಅಂತ ಅವನನ್ನೇ ಕೇಳಿ, ಮೆಲ್ಲಗೆ ಕೇಳಿ. ಬಂದಿದ್ದರೆ ಲಸಿಕೆಯ ಜೊತೆಗೆ ಗಾಯದ ಜಾಗಕ್ಕೇ ಕೊಡುವ ಇಮ್ಯುನೋಗ್ಲಾಬ್ಯುಲಿನ್ ಅನ್ನುವ ಇನ್ನೊಂದು ಇಂಜೆಕ್ಷನ್ ಕೂಡ ಬೇಕು. ಅಲ್ಲಿನ ಡಾಕ್ಟರಿಗೆ ಇದನ್ನು ಬಿಡದೆ ಹೇಳಿ. ಹೋಗಿ ಬಂದು ಬರೆಯಿರಿ.

ಅದೇ ತಾಯಿ (ಮೂರು ಗಂಟೆ ಬಿಟ್ಟು): ಹಾಕಿಸಿಕೊಂಡು ಬಂದೆವು ಮೇಡಂ. ರಕ್ತ ಸ್ವಲ್ಪ ಬಂದಿತ್ತಂತೆ, ಗಾಯಕ್ಕೂ ಕೊಟ್ಟರು. ಎರಡೂ ತೋಳಿಗೆ ಒಂದೊಂದು ಸಣ್ಣ ಇಂಜೆಕ್ಷನ್. ಹೊಕ್ಕುಳ ಸುತ್ತ ಹದಿನಾಲ್ಕು ಕೊಡ್ತಾರೆ ಅಂತ ಫ್ರೆಂಡ್ಸ್ ಹೆದರಿಸಿದ್ದರಂತೆ.

ಡಾಕ್ಟರ್: ಒಳ್ಳೇದಾಯಿತು. ಆ ಹೊಕ್ಕುಳಿನ ಹದಿನಾಲ್ಕು ಇಂಜೆಕ್ಷನ್ ಹಳೇ ಲಸಿಕೆಯದು. ಅದು ನಿಂತು ಇಪ್ಪತ್ತು ವರ್ಷ ಆಯಿತು, ಕಥೆ ಮಾತ್ರ ನಿಂತಿಲ್ಲ. ಪ್ರತಿ ಶಾಲೆಯಲ್ಲೂ ಒಬ್ಬ ಹುಡುಗನಾದರೂ ಇದನ್ನು ಹೇಳುತ್ತಾನೆ. ಈಗ ನಿಮಗೆ ಕೊಟ್ಟಿರುವ ಹಾಗೆ ಚರ್ಮದೊಳಗೆ ಕೊಡುವುದಾದರೆ 0, 3, 7, 28ನೇ ದಿನ. ತೋಳಿನ ಮಾಂಸಕ್ಕೆ ಕೊಡುವ ಕಡೆ 0, 3, 7, 14, 28. ಇವತ್ತು ನಿಮ್ಮದು ಸೊನ್ನೆ.

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ನಿಮ್ಮ ಮಗನಿಗೆ ನಾಯಿ ಬಗ್ಗೆ ಗೊತ್ತಿರಲಿಲ್ಲ ಅಂತಲ್ಲ. ಚೆನ್ನಾಗಿ ಗೊತ್ತಿತ್ತು. ಅವನು ನಾಯಿಗಿಂತ ಜಾಸ್ತಿ ಹೆದರಿದ್ದು ಮನೆಯವರಿಗೆ. ನಾನು ಶಾಲೆಗಳಲ್ಲಿ ನೋಡಿರುವ ಅನಾಹುತಗಳಲ್ಲಿ ಮಗುವಿನ ತಿಳಿವಳಿಕೆ ಸಾಲದೆ ಆದದ್ದು ಕಡಿಮೆ, ಹೇಳಲಾಗದೆ ಬೆಳೆದದ್ದು ಜಾಸ್ತಿ. ಹಾಗಾಗಿ ನಾನು ಮೊದಲು ಕಲಿಸಿ ಅನ್ನುವ ಅಭ್ಯಾಸ ಇದು: ಮೈಗೆ ಏನೇ ಆದರೂ ಅವತ್ತೇ ಬಂದು ಹೇಳುವುದು. ಇದನ್ನು ಮಗುವಿಗಿಂತ ಮೊದಲು ದೊಡ್ಡವರು ಕಲಿಯಬೇಕು.

ನಾಯಿ ವಿಷಯದಲ್ಲಿ ಮಾಡಿಸಬೇಕಾದದ್ದು ಸುಲಭ. ನಾಯಿ ಓಡಿಸಿಕೊಂಡು ಬಂದರೆ ಓಡಬಾರದು. ಮರದ ಹಾಗೆ ಕೈ ಮೈಗೆ ಅಂಟಿಸಿ ನಿಲ್ಲಬೇಕು, ಅದರ ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು. ಕೆಳಗೆ ಬಿದ್ದರೆ ಮುದುರಿಕೊಂಡು ಕತ್ತು, ಕಿವಿ ಮುಚ್ಚಿಕೊಳ್ಳಬೇಕು. ಬಾಯಲ್ಲಿ ಹೇಳಿದರೆ ಸಾಲದು, ಅಂಗಳದಲ್ಲಿ ಆಡಿಸಿ. ಅಪ್ಪನೇ ನಾಯಿ ಆಗಲಿ. ಇನ್ನು ಕಚ್ಚಿದರೆ, ಪರಚಿದರೆ, ಗಾಯ ನೆಕ್ಕಿದರೆ ಸೋಪು ಹಚ್ಚಿ ಹರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆಯಬೇಕು. ಗಡಿಯಾರ ನೋಡಿಕೊಂಡು ಒಮ್ಮೆ ಮಾಡಿಸಿ, ಅದು ಎಷ್ಟು ಉದ್ದದ ಹೊತ್ತು ಅಂತ ಆಗ ಗೊತ್ತಾಗುತ್ತದೆ. ನಲ್ಲಿ ಇಲ್ಲದಿದ್ದರೆ ಚೊಂಬಿನಿಂದ ಹುಯ್ಯುತ್ತಾ ಇರಿ. ಅರಿಶಿನ, ಸುಣ್ಣ, ಖಾರದ ಪುಡಿ ಬೇಡವೇ ಬೇಡ.

ಒಬ್ಬ ತಂದೆ: ಮೇಡಂ, ಬೈಯದೆ ಮಕ್ಕಳು ಮಾತು ಕೇಳ್ತಾವಾ? ನಾವೆಲ್ಲ ಏಟು ತಿಂದೇ ಬೆಳೆದವರು. ಟ್ಯೂಷನ್ ತಪ್ಪಿಸಿದ್ದಕ್ಕೆ ಮುದ್ದು ಮಾಡಬೇಕಾ?

ಡಾಕ್ಟರ್: ಮುದ್ದು ಬೇಡ ಸರ್. ಬೈಯಿರಿ, ಆದರೆ ನಾಳೆ. ನಮ್ಮ ಮನೆಯಲ್ಲಿ ಇರುವ ನಿಯಮ ಹೇಳ್ತೀನಿ. ಗಾಯ, ಕಚ್ಚಿದ್ದು, ಬಿದ್ದದ್ದು, ಏನನ್ನೋ ನುಂಗಿದ್ದು, ಯಾರೋ ಮುಟ್ಟಿದ್ದು — ಇಂಥದ್ದನ್ನು ಮಗು ತಾನಾಗಿ ಬಂದು ಹೇಳಿದರೆ ಇಪ್ಪತ್ತನಾಲ್ಕು ಗಂಟೆ ಯಾರೂ ಬೈಯುವ ಹಾಗಿಲ್ಲ. ಮೊದಲು ಚಿಕಿತ್ಸೆ. ಟ್ಯೂಷನ್ ಪಂಚಾಯಿತಿ ಮಾರನೇ ದಿನ. ಆ ಹೊತ್ತಿಗೆ ನಮ್ಮ ಸಿಟ್ಟೂ ಅರ್ಧ ಇಳಿದಿರುತ್ತದೆ, ಅದು ಬೇರೆ ಲಾಭ. ನಾವೂ ಏಟು ತಿಂದು ಬೆಳೆದವರೇ. ಎಷ್ಟು ವಿಷಯ ಮನೆಯಲ್ಲಿ ಮುಚ್ಚಿಟ್ಟಿದ್ದೆವು ಅಂತ ನೆನಪು ಮಾಡಿಕೊಳ್ಳಿ.

ಅದೇ ತಂದೆ: 😄 ಅದೂ ನಿಜ ಬಿಡಿ. ಬಾವಿಗೆ ಹಾರಿದ್ದು ನಮ್ಮಮ್ಮನಿಗೆ ಇವತ್ತಿಗೂ ಗೊತ್ತಿಲ್ಲ.

ಹಿರಿಯ ಪ್ರಾಥಮಿಕ ಶಾಲೆಯ ಒಬ್ಬ ಶಿಕ್ಷಕಿ: ಮೇಡಂ, ಕೈ ತೊಳೆಯುವ ದಿನಾಚರಣೆ ಅಂತ ಅಕ್ಟೋಬರ್ 15ಕ್ಕೆ ಫೋಟೋ ತೆಗೆದು ಕಳಿಸ್ತೀವಿ. ಮಾರನೇ ದಿನ ಬಿಸಿಯೂಟಕ್ಕೆ ಮಕ್ಕಳು ಸುಮ್ನೆ ಕೈ ನೆನೆಸಿಕೊಂಡು ಬಂದು ಕೂರ್ತಾರೆ. ನೂರಾ ನಲವತ್ತು ಮಕ್ಕಳು, ನಾಲ್ಕು ನಲ್ಲಿ. ಇಟ್ಟ ಸೋಪು ಎರಡೇ ದಿನಕ್ಕೆ ಮಾಯ.

ಡಾಕ್ಟರ್: ಟೀಚರ್, ಮುಚ್ಚುಮರೆ ಇಲ್ಲದೆ ಬರೆದಿದ್ದೀರಿ. ನೂರಾ ನಲವತ್ತು ಮಕ್ಕಳಿಗೆ ನಾಲ್ಕು ನಲ್ಲಿ ಅಂದರೆ ಒಂದಕ್ಕೆ ಮೂವತ್ತೈದು ಮಕ್ಕಳು. ತಲೆಗೆ ಅರ್ಧ ನಿಮಿಷ ಅಂದರೂ ಹದಿನೇಳು ನಿಮಿಷ ಮೀರುತ್ತದೆ. ಹಸಿದ ಮಗು ಸಾಲಲ್ಲಿ ಅಷ್ಟು ಹೊತ್ತು ನಿಲ್ಲುತ್ತಾ? ಇದು ಅಭ್ಯಾಸದ ತೊಂದರೆಯೇ ಅಲ್ಲ, ನಲ್ಲಿಯ ತೊಂದರೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಈ ಲೆಕ್ಕವನ್ನೇ ಇಡಿ. ಒಂದು ಪಿವಿಸಿ ಪೈಪಿಗೆ ಸಾಲಾಗಿ ತೂತು ಕೊರೆದು, ಒಂದು ಕಡೆ ವಾಲ್ವ್ ಇಟ್ಟರೆ ಹತ್ತು ಮಕ್ಕಳು ಒಟ್ಟಿಗೆ ತೊಳೆಯಬಹುದು. ಖರ್ಚು ಜಾಸ್ತಿ ಇಲ್ಲ. ಎತ್ತರ ಮಾತ್ರ ಒಂದನೇ ಕ್ಲಾಸಿನ ಮಗುವಿಗೆ ಎಟುಕುವಂತೆ ಇರಲಿ. ನಾನು ನೋಡಿದ ಒಂದು ಶಾಲೆಯಲ್ಲಿ ಹೊಸ ನಲ್ಲಿ ಹಾಕಿಸಿದ್ದರು, ಚಿಕ್ಕ ಮಕ್ಕಳು ಹೆಬ್ಬೆರಳ ಮೇಲೆ ನಿಂತು ತಿರುಗಿಸುತ್ತಿದ್ದರು. ನೀರು ತೋಳಿನ ಮೇಲಿಂದ ಇಳಿದು ಅಂಗಿಯೊಳಗೆ ಹೋಗುತ್ತಿತ್ತು. ಅವರು ಯಾಕೆ ತೊಳೀತಾರೆ ಹೇಳಿ.

ಸೋಪನ್ನು ಹಳೇ ಕಾಲುಚೀಲದಲ್ಲಿ ಹಾಕಿ ಪೈಪಿಗೆ ಕಟ್ಟಿ. ಇಲ್ಲವೇ ನೀರಿನ ಬಾಟಲಿಗೆ ಸ್ವಲ್ಪ ಸೋಪಿನ ಪುಡಿ ಕಲಸಿ, ಮುಚ್ಚಳಕ್ಕೆ ತೂತು ಮಾಡಿ ಇಡಿ. ಬಾಟಲಿ ಒತ್ತಿ ಕೊಡುವ ಕೆಲಸ ನಿಮ್ಮ ಅತಿ ತರಲೆ ಹುಡುಗನದು.

ಯಾಕೆ ಸೋಪು ಅನ್ನುವುದಕ್ಕೆ ಭಾಷಣ ಬೇಡ. ಇಬ್ಬರು ಮಕ್ಕಳ ಕೈಗೆ ಅಡುಗೆ ಎಣ್ಣೆ ಸವರಿ, ಮೇಲೆ ಅರಿಶಿನ ಹಚ್ಚಿ. ಒಬ್ಬರು ಬರೀ ನೀರಲ್ಲಿ, ಒಬ್ಬರು ಸೋಪಲ್ಲಿ ತೊಳೆಯಲಿ. ಬರೀ ನೀರಿನ ಕೈಯಲ್ಲಿ ಉಗುರಿನ ಸಂದಿ, ಬೆರಳಿನ ಸಂದಿ, ಹೆಬ್ಬೆರಳ ಬುಡ ಹಳದಿಯಾಗಿಯೇ ಉಳಿಯುತ್ತದೆ. ಮನೆಗೆ ಹೋಗಿ ಅಮ್ಮಂದಿರಿಗೂ ಮಾಡಿ ತೋರಿಸುತ್ತವೆ. ಅಡುಗೆಮನೆ ಎಣ್ಣೆ ಖಾಲಿ ಆದರೆ ನನ್ನ ಬೈಯಬೇಡಿ.

ಅದೇ ಶಿಕ್ಷಕಿ: ಇನ್ನೊಂದು. ನೀಲಿ ಮಾತ್ರೆ ಕೊಟ್ಟರೆ ಎಂಟನೇ ಕ್ಲಾಸಿನ ಹೆಣ್ಣುಮಕ್ಕಳು ಕಿಟಕಿಯಾಚೆ ಎಸೀತಾರೆ.

ಡಾಕ್ಟರ್: ಹತ್ತು ದಾಟಿದ ಮಕ್ಕಳಿಗೆ ವಾರಕ್ಕೊಂದು ಕೊಡುವ ಕಬ್ಬಿಣಾಂಶದ ಮಾತ್ರೆ ಅದು, 60 ಮಿಲಿಗ್ರಾಂ. ಎಸೆಯಲು ಕಾರಣ ಇರುತ್ತದೆ, ಮೊದಲು ಕೇಳಿ. ಒಬ್ಬಳಿಗೆ ಹೊಟ್ಟೆ ತೊಳೆಸಿರುತ್ತದೆ, ಖಾಲಿ ಹೊಟ್ಟೆಯಲ್ಲಿ ನುಂಗಿರುತ್ತಾಳೆ. ಇನ್ನೊಬ್ಬಳು ಮಲ ಕಪ್ಪಗಾಯಿತು ಅಂತ ಹೆದರಿರುತ್ತಾಳೆ. ಕಪ್ಪಾಗುವುದು ಸಹಜ ಅಂತ ಮೊದಲೇ ಹೇಳಿದರೆ ಹೆದರಿಕೆಯೇ ಇಲ್ಲ. ಮುಂದೆ ಮಕ್ಕಳಾಗಲ್ಲ ಅನ್ನುವ ಗಾಳಿಸುದ್ದಿಯೂ ಇರುತ್ತದೆ, ಅದು ಸುಳ್ಳು. ಬಿಸಿಯೂಟ ಆದ ಮೇಲೆ ಕೊಡಿ, ಹಿಂದೆ ಮುಂದೆ ಒಂದು ಗಂಟೆ ಕಾಫಿ ಟೀ ಬೇಡ. ನಿಮಗೂ ರಕ್ತ ಕಡಿಮೆ ಇದ್ದು ಡಾಕ್ಟರ್ ಮಾತ್ರೆ ಬರೆದಿದ್ದರೆ ಅವರ ಎದುರಿಗೇ ನುಂಗಿ.

ಒಬ್ಬ ಅಜ್ಜಿ (ಮೊಮ್ಮಗಳ ಕೈಲಿ ಬರೆಸಿದ್ದು): ಡಾಕ್ಟ್ರಮ್ಮ, ಗುಡ್ ಟಚ್ ಬ್ಯಾಡ್ ಟಚ್ ಅಂತ ಶಾಲೇಲಿ ಹೇಳಿಕೊಟ್ಟವರೆ. ಈಗ ನಾಲ್ಕು ವರ್ಷದ ಮರಿಮಗಳು ಮಾವ ಬಂದರೆ ಮುತ್ತು ಕೊಡಲ್ಲ ಅಂತಾಳೆ. ಬಂದವರಿಗೆ ಬೇಜಾರಾಗಲ್ವಾ?

ಡಾಕ್ಟರ್: ಅಜ್ಜಿ, ಮಾವನಿಗೆ ಬೇಜಾರಾದರೆ ಕಾಫಿ ಕುಡಿದರೆ ಸರಿಹೋಗುತ್ತದೆ. ಮಗುವನ್ನು ಒತ್ತಾಯ ಮಾಡಬೇಡಿ. ಕೈ ಮುಗಿ ಅನ್ನಿ, ಟಾಟಾ ಮಾಡು ಅನ್ನಿ. ಬೇಡ ಅಂದರೂ ದೊಡ್ಡವರು ಬಿಡುವುದಿಲ್ಲ ಅಂತ ಮನೆಯಲ್ಲೇ ಕಲಿತರೆ, ಹೊರಗೆ ಬೇಡ ಅನ್ನುವ ಧೈರ್ಯ ಎಲ್ಲಿಂದ ಬರಬೇಕು?

ನನಗೆ ಕೇಳಿದರೆ ಒಳ್ಳೆ ಮುಟ್ಟು ಕೆಟ್ಟ ಮುಟ್ಟು ಅನ್ನುವ ಪಾಠ ಚಿಕ್ಕವರಿಗೆ ಸ್ವಲ್ಪ ಗೋಜಲು. ಕೆಟ್ಟದ್ದು ಅಂತ ತೀರ್ಮಾನ ಮಾಡುವ ಭಾರ ಮಗುವಿನ ತಲೆಗೆ ಬೀಳುತ್ತದೆ. ಅದರ ಬದಲು ಗುಟ್ಟಿನ ನಿಯಮ ಸುಲಭ. ಯಾರೇ ಮೈ ಮುಟ್ಟಿ ಅಮ್ಮನಿಗೆ ಹೇಳಬೇಡ ಅಂದರೆ ಅದನ್ನು ಅವತ್ತೇ ಅಮ್ಮನಿಗೆ ಹೇಳಬೇಕು. ಹುಟ್ಟುಹಬ್ಬದ ಉಡುಗೊರೆಯ ಗುಟ್ಟು ಇಟ್ಟುಕೊಳ್ಳಬಹುದು, ಮೈಯ ಗುಟ್ಟು ಇಟ್ಟುಕೊಳ್ಳಬಾರದು. ಮುಚ್ಚಿಕೊಳ್ಳುವ ಅಂಗಗಳಿಗೂ ಸರಿಯಾದ ಹೆಸರು ಕಲಿಸಿ. "ಶೇಮ್ ಶೇಮ್" ಅಂತ ಹೆಸರಿಟ್ಟರೆ ಮಗು ಅದರ ಬಗ್ಗೆ ಬಾಯಿ ಬಿಡುವುದೂ ಶೇಮ್ ಆಗಿಬಿಡುತ್ತದೆ.

ಶಿಕ್ಷಕರು ಗಮನಿಸಿ. ಮಗು ನಿಮ್ಮ ಹತ್ತಿರ ಇಂಥದ್ದು ಹೇಳಿದರೆ ಹತ್ತು ಸಲ ಕೆದಕಿ ಕೇಳಬೇಡಿ. ನಂಬಿದ್ದೇನೆ ಅನ್ನಿ. ಮಕ್ಕಳ ಸಹಾಯವಾಣಿ 1098ಕ್ಕೆ ಅಥವಾ ಪೊಲೀಸರಿಗೆ ತಿಳಿಸಿ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಗೊತ್ತಿದ್ದೂ ತಿಳಿಸದಿರುವುದೇ ಅಪರಾಧ. ಶಾಲೆಯ ಮರ್ಯಾದೆ ಅಂತ ಒಳಗೇ ಮುಗಿಸುವ ಹಾಗಿಲ್ಲ.

ಇನ್ನೊಬ್ಬ ತಂದೆ: ಮಗ ಹತ್ತನೇ ಕ್ಲಾಸು. ಹಾಲು ಡೈರಿಗೆ ಸ್ಕೂಟರ್ ಕೊಟ್ಟು ಕಳಿಸ್ತೀನಿ, ಊರೊಳಗೇ. ಪರವಾಗಿಲ್ಲ ಅಲ್ವಾ?

ಡಾಕ್ಟರ್: ಪರವಾಗಿಲ್ಲ ಅನ್ನುವ ಹಾಗಿಲ್ಲ, ಕೊಡಬೇಡಿ. ಅವನು ಓಡಿಸಿ ಸಿಕ್ಕಿಬಿದ್ದರೆ ಕೇಸು ನಿಮ್ಮ ಮೇಲೆ: 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಸೈಕಲ್ ಕೊಡಿ. ಇನ್ನು ನೀವು ಓಡಿಸುವಾಗ ನಾಲ್ಕು ವರ್ಷ ದಾಟಿದ ಮಗು ಹಿಂದೆ ಕೂತಿದ್ದರೆ ಅದಕ್ಕೂ ಹೆಲ್ಮೆಟ್ ಬೇಕು. ಟ್ಯಾಂಕಿನ ಮೇಲೆ ಮಗುವನ್ನು ಕೂರಿಸಿ, ತಾವು ಮಾತ್ರ ಹೆಲ್ಮೆಟ್ ಹಾಕಿದ ಅಪ್ಪಂದಿರನ್ನು ದಿನಾ ನೋಡ್ತೀನಿ.

ರೈತರೊಬ್ಬರು: ಮೇಡಂ ನಮ್ಮ ತೋಟದಲ್ಲಿ ಕೃಷಿ ಹೊಂಡ ಇದೆ. ಬೇಸಿಗೆ ರಜಕ್ಕೆ ಅಕ್ಕನ ಮಕ್ಕಳು ಬರ್ತಾರೆ. ಈಜು ಕಲಿಸಿದರೆ ಸಾಕಾ?

ಡಾಕ್ಟರ್: ಸಾಲದು ಅಣ್ಣ. ಕೆರೆ ಬೇರೆ, ಹೊಂಡ ಬೇರೆ. ಹೊಂಡಕ್ಕೆ ಹಾಸಿರುವ ಪ್ಲಾಸ್ಟಿಕ್ ಹಾಳೆಯ ಮೇಲೆ ಪಾಚಿ ಕಟ್ಟಿದರೆ ಈಜು ಬರುವ ದೊಡ್ಡವರಿಗೂ ಹತ್ತಲಾಗುವುದಿಲ್ಲ. ಕಾಲಿಟ್ಟಷ್ಟೂ ಜಾರುತ್ತದೆ. ಮಕ್ಕಳು ಬರುವುದಕ್ಕೆ ಮುಂಚೆ ಬೇಲಿ ಹಾಕಿಸಿ. ನಾಲ್ಕು ಬದಿಗೂ ಗೂಟ ಹೊಡೆದು, ಗಂಟು ಗಂಟು ಹಾಕಿದ ಹಗ್ಗ ಕಟ್ಟಿ ನೀರಿನ ತನಕ ಇಳಿಬಿಡಿ. ಮುಚ್ಚಳ ಬಿಗಿದ ಖಾಲಿ ಕ್ಯಾನಿಗೆ ಉದ್ದ ಹಗ್ಗ ಕಟ್ಟಿ ಬೇಲಿಯ ಮೇಲೆ ನೇತುಹಾಕಿ.

ಮಕ್ಕಳಿಗೆ ಕಲಿಸಬೇಕಾದದ್ದು ಒಂದೇ: ಒಬ್ಬರು ಬಿದ್ದರೆ ಇನ್ನೊಬ್ಬರು ಹಾರಬಾರದು. ಅಕ್ಕನ ಹಿಂದೆ ತಮ್ಮ, ಅವನ ಹಿಂದೆ ಗೆಳೆಯ ಹೋದ ಸುದ್ದಿ ಪ್ರತಿ ಬೇಸಿಗೆ ಓದ್ತೀವಲ್ಲ. ಕೂಗಬೇಕು, ಕ್ಯಾನ್ ಎಸೆಯಬೇಕು. ಅಂಗಳದಲ್ಲಿ ಒಬ್ಬನನ್ನು ಹತ್ತಡಿ ದೂರ ಕೂರಿಸಿ ಎಸೆದು ಎಳೆಯುವ ಆಟ ಆಡಿಸಿ. ಮೊದಲ ಸಲ ಯಾರ ಗುರಿಯೂ ಸರಿಯಿರುವುದಿಲ್ಲ, ಹಗ್ಗದ ತುದಿಯನ್ನೂ ಕ್ಯಾನಿನ ಜೊತೆಗೇ ಎಸೆದುಬಿಡುತ್ತಾರೆ. ಅದಕ್ಕೇ ಆಟ ಬೇಕಾದ್ದು.

ಮೇಲೆ ತೆಗೆದ ಮಗುವನ್ನು ತಲೆಕೆಳಗೆ ಮಾಡಿ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ಮಾಡಬೇಡಿ. ಒಬ್ಬರು 108ಕ್ಕೆ ಫೋನ್ ಮಾಡಲಿ. ಉಸಿರಾಟ ಇಲ್ಲದಿದ್ದರೆ ಮೊದಲು ಬಾಯಿಗೆ ಬಾಯಿಟ್ಟು ಉಸಿರು, ಆಮೇಲೆ ಎದೆಯ ನಡುವೆ ಒತ್ತುವುದು, 30 ಸಲ ಒತ್ತಿ 2 ಸಲ ಉಸಿರು. ಓದಿದರೆ ಇದು ಬರುವುದಿಲ್ಲ. ನಿಮ್ಮ ಪಿಎಚ್‌ಸಿಯಲ್ಲಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಕೇಳಿ, ಹತ್ತು ಜನ ಸೇರಿದರೆ ಗೊಂಬೆ ಇಟ್ಟು ತೋರಿಸಲು ನಾನೇ ಬರ್ತೀನಿ.

ಮೊದಲ ತಾಯಿ (ಮುಂದಿನ ಭಾನುವಾರ): ಮೇಡಂ, ಇವತ್ತು ಏಳನೇ ದಿನದ್ದು ಆಯಿತು. ಇಪ್ಪತ್ತನಾಲ್ಕು ಗಂಟೆ ನಿಯಮ ಗೋಡೆಗೆ ಬರೆದು ಅಂಟಿಸಿದ್ದೀನಿ. ಗುರುವಾರ ಮಗ ಬಂದು, "ಅಮ್ಮಾ, ಪಕ್ಕದ ಮನೆ ಹೆಂಚು ಒಡೆದೆ, ಕೈಗೂ ಚೂರು ತರಚಿದೆ" ಅಂತ ಹೇಳಿದ. ಕೈ ತೊಳೆದು ಪಟ್ಟಿ ಕಟ್ಟಿದೆ. ಅವರಪ್ಪ ಹಲ್ಲು ಕಚ್ಚಿಕೊಂಡು ಶುಕ್ರವಾರ ಸಂಜೆಯವರೆಗೆ ಕಾದರು. 😅

ಡಾಕ್ಟರ್: ಅವರಪ್ಪನಿಗೆ ನನ್ನ ನಮಸ್ಕಾರ ತಿಳಿಸಿ. 28ನೇ ದಿನವೂ ಭಾನುವಾರವೇ ಬರುತ್ತದೆ. ಅವತ್ತು ಲಸಿಕೆ ಎಲ್ಲಿ ಕೊಡ್ತಾರೆ ಅಂತ ಆಸ್ಪತ್ರೆಯಲ್ಲಿ ಈಗಲೇ ಕೇಳಿಟ್ಟುಕೊಳ್ಳಿ. ಚೀಟಿ ಕಳೆಯಬೇಡಿ, ಮೊಬೈಲಲ್ಲಿ ಒಂದು ಫೋಟೋ ತೆಗೆದಿಡಿ.